ಹೈಡ್ರೇಂಜಿಯಾ ಮತ್ತೆ ಹೂ ಬಿಡದಿದ್ದರೆ ಮೊದಲು ಕತ್ತರಿಯನ್ನು ವಿಚಾರಿಸಿ

ನಾನು ನರ್ಸರಿಯಲ್ಲಿ ಕೆಲಸ ಮಾಡುತ್ತೇನೆ. ಕೌಂಟರ್‌ಗೆ ಬರುವ ದೂರುಗಳಲ್ಲಿ ಇದು ಮಾಮೂಲಿ: 'ಹೈಡ್ರೇಂಜಿಯಾ ತಗೊಂಡು ಹೋದಾಗ ಕುಂಡದ ತುಂಬಾ ಹೂ ಇತ್ತು. ಈ ವರ್ಷ ಬರೀ ಎಲೆ. ಹೂ ಬರೋ ಗೊಬ್ಬರ ಏನಾದ್ರೂ ಕೊಡಿ.' ಗೊಬ್ಬರ ಕೊಟ್ಟು ಕಳಿಸುವುದು ಬಹಳ ಸುಲಭ. ನಾನು ಮೊದಲು ಕೇಳುವುದು ಬೇರೆ: ಕೊಂಬೆ ಸವರಿದ್ದು ಯಾವಾಗ?

ಹೆಚ್ಚಿನವರ ಉತ್ತರದಲ್ಲೇ ಕಾರಣ ಸಿಕ್ಕಿಬಿಡುತ್ತದೆ. 'ಚಳಿಗಾಲದಲ್ಲಿ ಒಣಗಿದ ಕಡ್ಡಿ ಥರ ಕಾಣ್ತಿತ್ತು, ಚೆನ್ನಾಗಿ ಚಿಗುರಲಿ ಅಂತ ಬುಡದವರೆಗೆ ಕತ್ತರಿಸಿದೆ.' ಗಿಡ ಚೆನ್ನಾಗಿಯೇ ಚಿಗುರಿರುತ್ತದೆ. ಆದರೆ ಆ ಕಡ್ಡಿಗಳ ತುದಿಯಲ್ಲೇ ಈ ವರ್ಷದ ಹೂವಿತ್ತು.

ಕುಂಡದಲ್ಲಿ ಮಾರುವ ಹೈಡ್ರೇಂಜಿಯಾ ಹೆಚ್ಚಾಗಿ ಮ್ಯಾಕ್ರೋಫಿಲ್ಲಾ ಜಾತಿಯದು. ಇದು ಹಳೆಯ ಕೊಂಬೆಯಲ್ಲಿ ಹೂ ಬಿಡುವ ಗಿಡ. ಬೇಸಿಗೆ ಮುಗಿದು ಹಗಲು ಚಿಕ್ಕದಾಗಿ, ರಾತ್ರಿ 18 ಡಿಗ್ರಿಗಿಂತ ತಂಪಾಗತೊಡಗಿದಾಗ ಕೊಂಬೆಯ ತುದಿಯಲ್ಲಿ ಮುಂದಿನ ವರ್ಷದ ಮೊಗ್ಗು ಕೂರುತ್ತದೆ. ಚಳಿಗಾಲವಿಡೀ ಅದು ಅಲ್ಲೇ ಇರುತ್ತದೆ. ಎಲೆ ಉದುರಿದ ಮೇಲೆ ತುದಿಯನ್ನು ಹತ್ತಿರದಿಂದ ನೋಡಿ. ದಪ್ಪಗೆ, ಉಬ್ಬಿಕೊಂಡಿರುವುದು ಸಾಮಾನ್ಯವಾಗಿ ಹೂವಿನ ಮೊಗ್ಗು. ಕೆಳಗಿನ ಗೆಣ್ಣುಗಳಲ್ಲಿ ತೆಳ್ಳಗೆ, ಚೂಪಾಗಿರುವುದು ಎಲೆಯದು. ಕೆಲಸಕ್ಕೆ ಹೊಸಬರು ಸೇರಿದರೆ ಮುರಿದ ಕೊಂಬೆಯೊಂದರ ತುದಿಮೊಗ್ಗನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೋರಿಸುತ್ತೇನೆ. ಮಡಚಿಕೊಂಡ ಪುಟ್ಟ ಎಲೆಗಳ ನಡುವೆ ಕಾಳಿಗಿಂತ ಸಣ್ಣ ಹಸಿರು ಗುಂಡುಗಳು ಒತ್ತಾಗಿ ಕೂತಿರುತ್ತವೆ. ಇಡೀ ಗೊಂಚಲು ಆಗಲೇ ತಯಾರು! ಒಮ್ಮೆ ಅದನ್ನು ನೋಡಿದವರು ಆಮೇಲೆ ಕತ್ತರಿ ಎತ್ತುವ ಮುಂಚೆ ಎರಡು ಸಲ ಯೋಚಿಸುತ್ತಾರೆ.

ಹಾಗಾದರೆ ಜನ ಕತ್ತರಿಸುವುದಾದರೂ ಯಾಕೆ? ಅದಕ್ಕೂ ಒಂದು ಕಾರಣ ಇದೆ, ಅದನ್ನು ನಾವು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಬೆಳೆಗಾರರು ಗಿಡ ಗಿಡ್ಡಗೆ, ಗುಂಡಗೆ ಇರಲಿ ಅಂತ ಬೆಳವಣಿಗೆ ತಡೆಯುವ ಔಷಧಿ ಸಿಂಪಡಿಸಿರುತ್ತಾರೆ. ಮನೆಗೆ ಬಂದ ಮೇಲೆ ಅದರ ಪ್ರಭಾವ ಇಳಿಯುತ್ತದೆ. ಮರುವರ್ಷ ಗಿಡ ತನ್ನ ನಿಜವಾದ ಎತ್ತರಕ್ಕೆ ಹೊರಡುತ್ತದೆ. 'ಏನಿದು, ಅಡ್ಡಾದಿಡ್ಡಿ ಬೆಳೀತಿದೆ' ಅಂತ ಮನೆಯವರು ಆಕಾರಕ್ಕೆ ತರಲು ಹೋಗುತ್ತಾರೆ. ಅಲ್ಲಿಗೆ ಮೊಗ್ಗು ಹೋಯಿತು.

ಸವರಲೇಬೇಕು ಅಂದರೆ ಹೂ ಬಾಡಿದ ತಕ್ಷಣ ಸವರಿ. ಒಣಗಿದ ಗೊಂಚಲಿನ ಕೆಳಗೆ ದಪ್ಪ ಗೆಣ್ಣು ಇರುವ ಜೋಡಿ ಎಲೆ ನೋಡಿಕೊಂಡು, ಅದರ ಸ್ವಲ್ಪ ಮೇಲೆ ಕತ್ತರಿಸಿ. ಅಲ್ಲಿಂದ ಬರುವ ಚಿಗುರು ಬಲಿಯಲು ಬೇಸಿಗೆ ಬೇಕು. ಬೇಸಿಗೆಯ ಕೊನೆಗೆ ಬಂದ ಮೇಲೆ ಮುಟ್ಟಬೇಡಿ. ಚಳಿಗಾಲದಲ್ಲಿ ಕೊಂಬೆ ಸತ್ತಿದೆಯೋ ಅನ್ನುವ ಅನುಮಾನ ಬಂದರೆ ಉಗುರಿನಿಂದ ತೊಗಟೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಸುಮ್ನೆ ಬಿಟ್ಟುಬಿಡಿ.

ಎರಡನೇ ಪ್ರಶ್ನೆ: ಚಳಿಗಾಲದಲ್ಲಿ ಕುಂಡ ಎಲ್ಲಿತ್ತು? ಬೆಚ್ಚನೆಯ ಕೋಣೆಯಲ್ಲೇ ಇಟ್ಟಿದ್ದರೆ ಮೊಗ್ಗಿಗೆ ಬೇಕಾದ ಚಳಿ ಸಿಕ್ಕಿರುವುದಿಲ್ಲ. ಗಾಜಿನ ಮನೆಗಳಲ್ಲಿ ಬೆಳೆಸುವವರು ಎಲೆ ಉದುರಿಸಿದ ಗಿಡಗಳನ್ನು 4ರಿಂದ 7 ಡಿಗ್ರಿ ತಂಪಿನಲ್ಲಿ 6ರಿಂದ 8 ವಾರ ಇಟ್ಟು, ಆಮೇಲೆ ನಿಧಾನವಾಗಿ ಬೆಚ್ಚಗೆ ಮಾಡಿ ಹೂ ಬರಿಸುತ್ತಾರೆ. ಮನೆಯಲ್ಲಿ ಇಷ್ಟು ಲೆಕ್ಕಾಚಾರ ಬೇಡ. ಬಿಸಿ ತಾಗದ, ಹಿಮ ಬೀಳದ ಜಾಗ ಸಾಕು. ಎಲೆ ಇಲ್ಲದ ಗಿಡಕ್ಕೆ ಬೆಳಕು ಬೇಕಿಲ್ಲ. ನೀರೂ ಮಣ್ಣು ಪೂರ್ತಿ ಒಣಗದಷ್ಟು ಕೊಟ್ಟರಾಯಿತು. ಮೊಗ್ಗು ಒಡೆಯುವ ಹೊತ್ತಿಗೆ ಮಾತ್ರ ಹುಷಾರಾಗಿರಿ, ಆಗ ಒಂದು ರಾತ್ರಿ ಹಿಮ ತಾಗಿದರೂ ತುದಿ ಕಪ್ಪಾಗುತ್ತದೆ. ಚಳಿಯೇ ಇಲ್ಲದ ಕಡೆ ಅಂಗಡಿಯಲ್ಲಿ ಕಂಡಷ್ಟು ಹೂ ಮತ್ತೆ ಬರುವುದು ಕಷ್ಟ. ಇದನ್ನು ಮಾರುವಾಗಲೇ ಹೇಳುವುದು ನನಗಂತೂ ಸರಿ ಅನಿಸುತ್ತದೆ, ವ್ಯಾಪಾರ ಸ್ವಲ್ಪ ಕಡಿಮೆಯಾದರೂ.

ನೀರಿನ ವಿಷಯ. ಈ ಗಿಡದ ಎಲೆ ಅಗಲ, ಬೇರು ಇರುವುದು ಚಿಕ್ಕ ಕುಂಡದಲ್ಲಿ. ಮಧ್ಯಾಹ್ನದ ಬಿಸಿಲಿಗೆ ಮಣ್ಣು ಒದ್ದೆ ಇದ್ದರೂ ಜೋತುಬೀಳಬಹುದು, ಸಂಜೆಗೆ ತಾನೇ ಏಳುತ್ತದೆ. ಹಾಗಾಗಿ ಎಲೆ ನೋಡಿ ನೀರು ಹಾಕಬೇಡಿ, ಕುಂಡ ಎತ್ತಿ ನೋಡಿ. ಹಗುರವಾಗಿದ್ದರೆ ನಿಜವಾಗಿಯೂ ಒಣಗಿದೆ. ಕುಂಡಕ್ಕೆ ಮಣ್ಣಿನ ಬದಲು ತುಂಬುವ ಪೀಟ್ (ಜೌಗು ನೆಲದ ಅರೆಕೊಳೆತ ಪಾಚಿ) ತುಂಬಾ ಒಣಗಿದರೆ ನೀರನ್ನು ಹೀರುವುದಿಲ್ಲ, ನೀರು ಅಂಚಿನಲ್ಲಿ ಹರಿದು ಕೆಳಗೆ ಹೋಗುತ್ತದೆ. ಆಗ ಕುಂಡವನ್ನೇ ಬಕೆಟ್ ನೀರಲ್ಲಿ ಮುಳುಗಿಸಿ ಗುಳ್ಳೆ ನಿಲ್ಲುವವರೆಗೆ ಬಿಡಿ, ಆಮೇಲೆ ಚೆನ್ನಾಗಿ ಬಸಿಯಿರಿ. ಹೂ ಮುಗಿದ ಮೇಲೆ ಒಂದು ಅಳತೆ ದೊಡ್ಡ ಕುಂಡಕ್ಕೆ ಬದಲಾಯಿಸಿದರೆ ಈ ಗೋಳು ಅರ್ಧ ಕಡಿಮೆ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇರುವ ಕಡೆ ಇಡಿ.

ಗೊಬ್ಬರ ಬೆಳೆಯುವ ಕಾಲದಲ್ಲಿ ಹದವಾಗಿ ಸಾಕು, ಬೇಸಿಗೆ ಮುಗಿಯುವ ಮೊದಲು ನಿಲ್ಲಿಸಿ. ಸಾರಜನಕ ಜಾಸ್ತಿಯಾದರೆ ಬರುವುದು ಎಲೆಯೇ.

ಬಣ್ಣದ ಬಗ್ಗೆಯೂ ಕೇಳುತ್ತಾರೆ. ಮಣ್ಣು ಹುಳಿಯಾಗಿ ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಇಳಿಯುತ್ತದೆ) 5.5ರ ಆಸುಪಾಸಿಗೆ ಇಳಿದರೆ ಗಿಡ ಅಲ್ಯೂಮಿನಿಯಂ ಹೀರಿಕೊಂಡು ಹೂ ನೀಲಿಯಾಗುತ್ತದೆ, 6.5 ದಾಟಿದರೆ ಗುಲಾಬಿ. ಬಿಳಿ ತಳಿಗಳು ಏನು ಮಾಡಿದರೂ ನೀಲಿಯಾಗುವುದಿಲ್ಲ.

ಕೊಳ್ಳುವಾಗ ಲೇಬಲ್ ಓದಿ. ಪ್ಯಾನಿಕ್ಯುಲೇಟಾ ಅಥವಾ ಆರ್ಬೊರೆಸೆನ್ಸ್ ಅಂತಿದ್ದರೆ ಅದು ಹೈಡ್ರೇಂಜಿಯಾದ ಬೇರೆ ಜಾತಿ, ಕತ್ತರಿಯ ಲೆಕ್ಕವೂ ಬೇರೆ. ಅವು ಹೊಸ ಚಿಗುರಿನಲ್ಲಿ ಹೂ ಬಿಡುತ್ತವೆ, ಚಳಿಗಾಲದ ಕೊನೆಗೆ ಧೈರ್ಯವಾಗಿ ಸವರಬಹುದು. ಹಳೆ ಕೊಂಬೆ, ಹೊಸ ಚಿಗುರು ಎರಡರಲ್ಲೂ ಹೂ ಬಿಡುವ ಮ್ಯಾಕ್ರೋಫಿಲ್ಲಾ ತಳಿಗಳೂ ಇವೆ. ಕತ್ತರಿ ಕೈಯಲ್ಲಿ ನಿಲ್ಲುವುದೇ ಇಲ್ಲ ಅನ್ನುವವರಿಗೆ ನಾನು ಅವನ್ನೇ ಕೊಡುವುದು.