ಫ್ಲಶಿಂಗ್‌ನಲ್ಲಿ ‘ಟೇಕ್’ ಕಲಿಸುವಾಗ

ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ 7ನೇ ನಂಬರಿನ ರೈಲು ಹೋಗಿ ನಿಲ್ಲುವ ಕೊನೆಯ ಸ್ಟೇಷನ್ ಫ್ಲಶಿಂಗ್. ಮೆಟ್ಟಿಲು ಹತ್ತಿ ಮೇನ್ ಸ್ಟ್ರೀಟಿಗೆ ಬಂದರೆ ಸಾಕು, ಎತ್ತ ನೋಡಿದರೂ ಚೀನಿ ಲಿಪಿಯ ಬೋರ್ಡುಗಳು. ಇಲ್ಲಿನ ಚೀನಿ ಹಿರಿಯರ ಒಂದು ಗುಂಪಿನ ಜೊತೆ ಕೂತು ಇಂಗ್ಲಿಷ್ ಮಾತಾಡಿಸುವುದು ನನ್ನ ವಾರಾಂತ್ಯದ ಕೆಲಸ. ಹೆಚ್ಚಿನವರು ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದವರು.

ಇವರಿಗೆ ಉದ್ದುದ್ದ ಪದಗಳು ಅಷ್ಟೇನೂ ಕಷ್ಟ ಅಲ್ಲ. ‘ಇನ್ಶೂರೆನ್ಸ್’ ಬೇಗ ಬಂತು. ‘ಅಪಾಯಿಂಟ್‌ಮೆಂಟ್’ ಕೂಡ ಬಂತು. ಅವು ಒಂದೊಂದೇ ಕೆಲಸ ಮಾಡುವ ಪದಗಳು. ಸಾಕುಸಾಕು ಮಾಡುವುದು ‘ಟೇಕ್’.

ಚೀನಿ ಪಠ್ಯಗಳಲ್ಲಿ ಟೇಕ್ ಅಂದರೆ ಮೊದಲು ಸಿಗುವ ಅರ್ಥ ‘ನಾ’, ಅಂದರೆ ಕೈಯಲ್ಲಿ ತಗೊಳ್ಳುವುದು. ಮೇಜಿನ ಮೇಲಿನ ಪೆನ್ನಿಗೆ ಅದು ಸರಿ. ಆದರೆ ಚೀನಿಯಲ್ಲಿ ಬಸ್ಸನ್ನು ‘ಕೂರುತ್ತಾರೆ’. ಜ್ವರವನ್ನು ಅಳೆಯುತ್ತಾರೆ. ಸ್ನಾನಕ್ಕೆ ತೊಳೆಯುವ ಕ್ರಿಯಾಪದ. ಇಂಗ್ಲಿಷ್ ಇದಕ್ಕೆಲ್ಲ ಟೇಕ್ ಒಂದನ್ನೇ ಬಳಸುತ್ತದೆ. ಬಸ್ಸನ್ನು ಕೈಯಲ್ಲಿ ಹಿಡಿದುಕೊಳ್ಳೋದು ಹೇಗೆ ಅಂತ ಅವರು ಕೇಳಿದರೆ ತಪ್ಪೇನಿದೆ?

ಔಷಧಿಯ ವಿಷಯದಲ್ಲಿ ಮಾತ್ರ ನನಗೆ ನಿಜವಾಗಿ ಆತಂಕ. ಚೀನಿಯಲ್ಲಿ ಮಾತ್ರೆ ‘ತಿನ್ನುತ್ತಾರೆ’. ಛ್ರ್ ಯಾವ್ ಅನ್ನುತ್ತಾರೆ. ಹಾಗಾಗಿ ಇಂಗ್ಲಿಷಿನಲ್ಲೂ ‘ಐ ಈಟ್ ಮೆಡಿಸಿನ್’ ಅಂತ ಬರುತ್ತದೆ. ಅದರಿಂದ ನಷ್ಟವಿಲ್ಲ, ಯಾವ ಡಾಕ್ಟರಿಗಾದರೂ ಅರ್ಥವಾಗುತ್ತದೆ. ತೊಂದರೆ ಇರುವುದು ಡಾಕ್ಟರ್ ಕೇಳಿದ್ದು ಇವರಿಗೆ ಅರ್ಥವಾಗದಿದ್ದಾಗ. ‘ಆರ್ ಯೂ ಟೇಕಿಂಗ್ ಎನಿಥಿಂಗ್?’ ಅಂತ ಕೇಳುತ್ತಾರೆ. ನಮ್ಮ ಗುಂಪಿನ ಒಬ್ಬ ಅಜ್ಜಿಗೆ ಇದೇ ಪ್ರಶ್ನೆ ಅಭ್ಯಾಸ ಮಾಡಿಸಿದಾಗ ಅವರು ತಮ್ಮ ಖಾಲಿ ಕೈ ತೋರಿಸಿ ‘ನೋ’ ಅಂದರು. ದಿನಾ ಬಿಪಿ ಮಾತ್ರೆ ನುಂಗುವವರು ಅವರು.

ಇನ್ನೊಂದು ಸಂಗತಿ. ಇಲ್ಲಿ ಬಹಳ ಮನೆಗಳಲ್ಲಿ ಬೇರು, ತೊಗಟೆ ಕುದಿಸಿದ ಚೀನಿ ಕಷಾಯ ಇದ್ದೇ ಇರುತ್ತದೆ. ಅದು ಅವರ ಮಾತಲ್ಲಿ ‘ಕುಡಿಯುವುದು’. ಟೇಕ್ ಅಂದರೆ ಮಾತ್ರೆ ಅಂತ ಕಲಿತವರೂ ಕಷಾಯದ ಮಾತು ಎತ್ತುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಜೊತೆ ದಂಗ್‌ಗ್ವೀ ಬೇರಿನ ಕಷಾಯ ಸೇರಿದರೆ ರಕ್ತಸ್ರಾವದ ಅಪಾಯ ಜಾಸ್ತಿ. ಅದಕ್ಕೇ ನಾನು ಟೇಕ್ ಕಲಿಸುವುದನ್ನು ಪೆನ್ನಿಂದ ಶುರು ಮಾಡುವುದಿಲ್ಲ, ಔಷಧಿಯಿಂದ ಶುರು ಮಾಡುತ್ತೇನೆ. ತಿಂದರೂ, ಕುಡಿದರೂ, ನುಂಗಿದರೂ ಅದು ಟೇಕ್. ಕನ್ನಡದಲ್ಲಿ ನಾವು ‘ಔಷಧಿ ತಗೊಂಡ್ರಾ?’ ಅಂದಾಗ ಇದೆಲ್ಲ ಸೇರಿರುತ್ತದೆ ಅಲ್ವಾ, ಹಾಗೆ. ಬಾಟಲಿಯ ಮೇಲೆ ‘ಟೇಕ್ ಒನ್ ಟ್ಯಾಬ್ಲೆಟ್ ಬೈ ಮೌತ್’ ಅಂತ ಬರೆದಿರುವುದನ್ನು ನೋಡಿ, ಬಾಯಿಂದಲ್ಲದೆ ಇನ್ನೆಲ್ಲಿಂದ ಅಂತ ನನಗೆ ಅನ್ನಿಸುತ್ತಿತ್ತು. ಈಗ ಆ ‘ಬೈ ಮೌತ್’ ನೋಡಿದರೆ ಸಮಾಧಾನ ಆಗುತ್ತದೆ. ನ್ಯೂಯಾರ್ಕ್‌ನಲ್ಲಿ ಹಲವು ಶಾಖೆಗಳಿರುವ ಔಷಧಿ ಅಂಗಡಿಗಳಲ್ಲಿ ಕೇಳಿದರೆ ಚೀನಿಯಲ್ಲೂ ಲೇಬಲ್ ಕೊಡಬೇಕು ಅಂತ ನಿಯಮವಿದೆ. ಕೇಳಿ ಪಡೆಯಿರಿ ಅಂತ ಎಲ್ಲರಿಗೂ ಹೇಳುತ್ತೇನೆ.

ಕನ್ನಡ ನನಗೆ ಇಲ್ಲಿ ಇಷ್ಟು ನೆರವಾಗುತ್ತದೆ ಅಂತ ಅಂದುಕೊಂಡಿರಲಿಲ್ಲ. ‘ಹೌ ಲಾಂಗ್ ಡಸ್ ಇಟ್ ಟೇಕ್’ ಅನ್ನುವುದು ಅವರಿಗೆ ವಿಚಿತ್ರ. ಚೀನಿಯಲ್ಲಿ ಅದು ‘ಯಾವ್’, ಅಂದರೆ ಬೇಕು. ನಾವೂ ‘ಎಷ್ಟು ಹೊತ್ತು ಬೇಕು’ ಅಂತಲೇ ಕೇಳುತ್ತೇವೆ. ಬ್ರಿಂಗ್ ಮತ್ತು ಟೇಕ್ ನಡುವಿನ ಗೊಂದಲವೂ ಹೀಗೇ. ಅವರಿಗೆ ‘ದಾಯ್’ ಒಂದೇ ಪದ. ಹಿಂದೆ ‘ಲಾಯ್’ ಸೇರಿದರೆ ತಗೊಂಡು ಬಾ, ‘ಚ್ಯೂ’ ಸೇರಿದರೆ ತಗೊಂಡು ಹೋಗು. ಅಂದರೆ ದಿಕ್ಕು ತೋರಿಸುವುದು ಬಾ, ಹೋಗುಗಳೇ. ಇದನ್ನು ನಾನು ಬೋರ್ಡಿನ ಮೇಲೆ ಕನ್ನಡದಲ್ಲೂ ಬರೆದು ವಿವರಿಸಿದೆ. ಲಿಪಿ ನೋಡಿ ಎಷ್ಟು ದುಂಡಗಿದೆ ಅಂತ ಖುಷಿಪಟ್ಟರು.

ಆಮೇಲೆ ಅವರೇ ತಮ್ಮ ‘ದಾ’ ಅನ್ನುವ ಪದ ತೋರಿಸಿದರು. ದಾ ಅಂದರೆ ಹೊಡಿ. ಟೈಪ್ ಮಾಡುವುದಕ್ಕೂ ದಾ, ಫೋನ್ ಮಾಡುವುದಕ್ಕೂ ದಾ, ಕೊಡೆ ಹಿಡಿಯುವುದಕ್ಕೂ ದಾ. ಗೊರಕೆಗೆ ‘ದಾ ಹೂಲು’. ಗೊರಕೆ ಹೊಡಿ! ನಮ್ಮಲ್ಲೂ ಸುತ್ತು, ಹರಟೆ, ಕಾಪಿ, ಗೊರಕೆ ಎಲ್ಲ ಹೊಡೆಯುವುದೇ ಅಂತ ಹೇಳಿದೆ. ಆ ದಿನ ತರಗತಿಯಲ್ಲಿ ಇಂಗ್ಲಿಷ್ ಕಡಿಮೆ, ನಗು ಜಾಸ್ತಿ. ಆದರೆ ಅದರ ನಂತರ ಟೇಕ್ ಮೇಲಿನ ಅವರ ಸಿಟ್ಟು ಇಳಿಯಿತು. ಎಲ್ಲ ಭಾಷೆಯಲ್ಲೂ ಹೀಗೆ ಹತ್ತು ಕೆಲಸಕ್ಕೆ ಓಡಾಡುವ ಪದ ಇದ್ದೇ ಇರುತ್ತದೆ ಅಂತ ಅವರಿಗೂ ಅನ್ನಿಸಿತು.

‘ಟೇಕ್ ಆಫ್’ ಮಾತ್ರ ಇನ್ನೂ ಬಗೆಹರಿದಿಲ್ಲ. ವಿಮಾನವೂ ಆಫ್, ಕೋಟೂ ಆಫ್, ರಜೆಯೂ ಆಫ್. ಅದನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವುದರಲ್ಲಿ ನನಗೆ ನಂಬಿಕೆ ಇಲ್ಲ. ಕೋಟಿನ ಜೊತೆ ಬರುವುದನ್ನು ಕೋಟು ತೆಗೆಯುವಾಗಲೇ ಕಲಿಯಬೇಕು.

ಹಾಗಾಗಿ ಮುಂದಿನ ವಾರ ಎಲ್ಲರೂ ಬೌನ್ ಸ್ಟ್ರೀಟಿನ ಗಣಪತಿ ದೇವಸ್ಥಾನಕ್ಕೆ ನಡೆದುಕೊಂಡು ಹೋಗುತ್ತಿದ್ದೇವೆ. 1977ರಲ್ಲಿ ಪ್ರತಿಷ್ಠೆಯಾದ ಗುಡಿ ಅದು. ಕೆಳಗಿನ ಕ್ಯಾಂಟೀನಿನಲ್ಲಿ ದೋಸೆ ಸಿಗುತ್ತದೆ. ಎಷ್ಟು ಹೊತ್ತು ಬೇಕು ಅಂತ ದಾರಿಯಲ್ಲಿ ಕೇಳುವುದು ಅವರ ಕೆಲಸ. ಒಳಗೆ ಹೋಗುವಾಗ ಚಪ್ಪಲಿ ಟೇಕ್ ಆಫ್ ಮಾಡಿಸುವುದು ನನ್ನ ಕೆಲಸ.