ಸಣ್ಣ ನಾಯಿ, ನಾಜೂಕು ಹೊಟ್ಟೆ

ಬದಿಯಡ್ಕದ ಈ ಮಳೆಗೆ ನಮ್ಮ ಪೊಮೆರೇನಿಯನ್ ಕುಟ್ಟನ ಹೊಟ್ಟೆ ಮತ್ತೆ ಕೆಟ್ಟಿದೆ. ಹಾಗಾಗಿ ಊಟ ತೀರಾ ಸಾದಾ. ಬೆಳ್ತಿಗೆ (ಬಿಳಿ) ಅಕ್ಕಿಯ ಮೆತ್ತನೆ ಅನ್ನ, ಚರ್ಮ ಎಲುಬು ತೆಗೆದು ಬೇಯಿಸಿದ ಕೋಳಿ, ಒಂದು ಚಮಚ ಬೆಂದ ಚೀನಿಕಾಯಿ (ಸಿಹಿಗುಂಬಳ). ಉಪ್ಪು, ಖಾರ, ಎಣ್ಣೆ ಇಲ್ಲ. ಎರಡು ದೊಡ್ಡ ಊಟದ ಬದಲು ನಾಲ್ಕು ಸಣ್ಣ ಊಟ. ಕುಚ್ಚಲಕ್ಕಿಯಲ್ಲಿ ನಾರು ಜಾಸ್ತಿ, ಸದ್ಯಕ್ಕೆ ಬೇಡ. ಆದರೆ ಇದನ್ನೇ ತಿಂಗಳುಗಟ್ಟಲೆ ಕೊಟ್ಟರೆ ಕ್ಯಾಲ್ಸಿಯಂ ಸಾಲದು. ಹೊಟ್ಟೆ ಸರಿಯಾದ ಮೇಲೆ ಮಾಮೂಲಿ ಆಹಾರವನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಹೋಗಬೇಕು. ಹೊಸ ಆಹಾರವಾದರೆ 7ರಿಂದ 10 ದಿನ ಬೇಕು.

ನಾಯಿಗಿಂತ ನೆಂಟರನ್ನು ಸಂಭಾಳಿಸುವುದೇ ಕಷ್ಟ. ದೊಡ್ಡಮ್ಮ ಬಂದರೆ ಸುಮ್ನೆ ಇರುವುದಿಲ್ಲ, ಬೂತಾಯಿ ಮೀನಿನ ಸಾರು ಕಲಸಿದ ಅನ್ನ ಇಡುತ್ತಾರೆ. ನೀರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ಹಾಳು ಮಾಡುತ್ತವೆ ಅಂದರೆ, "ಹಿಂದೆ ತೋಟದ ನಾಯಿ ಎಲ್ಲ ತಿಂತಿತ್ತು ಮಾರಾಯ" ಅನ್ನುತ್ತಾರೆ. ತಿಂತಿತ್ತು, ನಿಜ. ಅದರ ಆಯುಸ್ಸಿನ ಲೆಕ್ಕ ಯಾರೂ ಇಟ್ಟಿರಲಿಲ್ಲ, ಅಲ್ವಾ?

ನಾಳೆ ಮನೆಯಲ್ಲಿ ನಾಮಕರಣ. ಪಾಯಸದ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ, ಹಾಗಾಗಿ ಕುಟ್ಟನಿಗೆ ಮಹಡಿಯ ಕೋಣೆಯೇ ಗತಿ. ಬೀಗದ ಕೈ ನನ್ನ ಹತ್ತಿರ. ದೊಡ್ಡಮ್ಮ ಕೇಳಿದರೂ ಕೊಡುವುದಿಲ್ಲ.