ನೆರೆಯೂರಿನ ಜೆಸಿಬಿಗೆ ಡೀಸೆಲ್ ಹಾಕಿಸುವವರು ಯಾರು?

ವಿಪತ್ತಿನ ಸಮಯದಲ್ಲಿ ಒಂದು ಊರಿನ ಎಂಜಿನಿಯರಿಂಗ್ ವಿಭಾಗ ಇನ್ನೊಂದು ಊರಿನ ನೆರವಿಗೆ ಹೋಗುವುದು ನಮ್ಮ ರಾಜ್ಯದಲ್ಲಿ ಹೊಸದೇನಲ್ಲ. ಮಳೆ ಹೆಚ್ಚಾಗಿ ಒಳಚರಂಡಿ ಕಟ್ಟಿಕೊಂಡರೆ ಪಕ್ಕದ ನಗರಸಭೆಯ ಸಕ್ಕಿಂಗ್ ಯಂತ್ರ ಬರುತ್ತದೆ. ಗುಡ್ಡ ಜರಿದು ರಸ್ತೆ ಮುಚ್ಚಿದರೆ ಲೋಕೋಪಯೋಗಿ ಇಲಾಖೆಯ ಬೇರೆ ಉಪವಿಭಾಗ ಹೊಂದಿಸಿಕೊಟ್ಟ ಹಿಟಾಚಿ ಬರುತ್ತದೆ. ಆದರೆ ಇದೆಲ್ಲ ನಡೆಯುವುದು ಬಹುಪಾಲು ಒಂದು ದೂರವಾಣಿ ಕರೆಯ ಮೇಲೆ, ಇಲ್ಲವೇ ಜಿಲ್ಲಾಧಿಕಾರಿಗಳ ಮೌಖಿಕ ಸೂಚನೆಯ ಮೇಲೆ. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಎಂಜಿನಿಯರ್ ಆಗಿ ದುಡಿದು ನಿವೃತ್ತನಾಗಿರುವ ನನಗೆ ಈ ಪದ್ಧತಿಯ ವೇಗದ ಬಗ್ಗೆ ಗೌರವವಿದೆ. ಅದು ಕೈಕೊಡುವುದು ಹೆಚ್ಚಾಗಿ ನೀರು ಇಳಿದ ಮೇಲೆ, ಲೆಕ್ಕಪತ್ರ ಶಾಖೆಯ ಮೇಜಿನ ಮೇಲೆ.

ಕಚೇರಿಯ ಹೊರಗಿನವರಿಗೆ ಇದು ಸಣ್ಣ ವಿಷಯವೆನ್ನಿಸಬಹುದು, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಸಂಸ್ಥೆಯ ಪ್ರತಿಯೊಂದು ವಾಹನಕ್ಕೂ ಒಂದು ಲಾಗ್ ಪುಸ್ತಕವಿರುತ್ತದೆ. ಜೆಸಿಬಿಯಾದರೆ ಕಿಲೋಮೀಟರಿನ ಬದಲು ಗಂಟೆ ಮೀಟರಿನ ಆರಂಭದ ಮತ್ತು ಕೊನೆಯ ಅಂಕಿಗಳನ್ನು ಚಾಲಕ ಬರೆಯುತ್ತಾನೆ, ಕೆಲಸ ಮಾಡಿಸಿಕೊಂಡ ಎಂಜಿನಿಯರ್ ಸಹಿ ಮಾಡುತ್ತಾರೆ. ಡೀಸೆಲ್ಲಿಗೆ ಇಂಡೆಂಟ್ ಚೀಟಿ ಬರೆದುಕೊಟ್ಟು, ಸಂಸ್ಥೆಯ ಖಾತೆ ಇರುವ ಬಂಕಿನಲ್ಲೇ ಹಾಕಿಸಬೇಕು. ಒಮ್ಮೆ ನಮ್ಮ ಯಂತ್ರ ಮಳೆಯಲ್ಲಿ ಪಕ್ಕದ ಊರಿಗೆ ಹೋಗಿ ಹಗಲೂ ರಾತ್ರಿ ಕೆಲಸ ಮಾಡಿತು. ಡೀಸೆಲ್ ಹಾಕಿಸಿದ್ದು ಆ ಊರಿನವರು. ಮುಂದಿನ ಲೆಕ್ಕಪರಿಶೋಧನೆಯಲ್ಲಿ ಎರಡೂ ಕಡೆಗೆ ಆಕ್ಷೇಪಣೆ ಬಂತು. ಯಂತ್ರ ಇಷ್ಟು ಗಂಟೆ ಓಡಿದೆಯಲ್ಲ, ಡೀಸೆಲ್ ಎಲ್ಲಿಂದ ಬಂತು ಎಂದು ನಮ್ಮನ್ನು ಕೇಳಿದರು. ನಿಮ್ಮ ವಾಹನಗಳ ಪಟ್ಟಿಯಲ್ಲೇ ಇಲ್ಲದ ಯಂತ್ರಕ್ಕೆ ಡೀಸೆಲ್ ಹಾಕಿಸಿದ್ದೇಕೆ ಎಂದು ಅವರನ್ನು ಕೇಳಿದರು. ನಿಯಮದ ಪ್ರಕಾರ ಎರಡು ಪ್ರಶ್ನೆಗಳೂ ಸರಿಯಾದವೇ. ಆ ಕಡತ ಮುಕ್ತಾಯವಾಗುವ ಹೊತ್ತಿಗೆ ಆ ಯಂತ್ರವೇ ಹರಾಜಾಗಿ ಹೋಗಿತ್ತು. ಇಂಥ ಅನುಭವವಾದ ಅಧಿಕಾರಿ ಮುಂದಿನ ಸಲ ಕರೆ ಬಂದಾಗ ಇಲ್ಲ ಎನ್ನುವುದಿಲ್ಲ, ಆದರೆ ‘ಲಿಖಿತ ಆದೇಶ ಕಳುಹಿಸಿ ಸಾರ್, ತಕ್ಷಣ ಕಳಿಸಿಕೊಡುತ್ತೇನೆ’ ಎನ್ನುತ್ತಾನೆ. ಆ ಆದೇಶಕ್ಕಾಗಿ ಕಾಯುವ ಗಂಟೆಗಳಲ್ಲಿ ತಗ್ಗಿನ ಬಡಾವಣೆಯ ಮನೆಗಳಿಗೆ ನೀರು ನುಗ್ಗಿರುತ್ತದೆ.

ಡೀಸೆಲ್ಲಿಗಿಂತ ಗಂಭೀರವಾದದ್ದು ಕೆಲಸಗಾರನ ಪ್ರಶ್ನೆ. ಪುರಸಭೆಗಳ ಚಾಲಕರು, ಲೋಡರುಗಳು, ಯಂತ್ರ ನಡೆಸುವವರಲ್ಲಿ ಅನೇಕರು ಹೊರಗುತ್ತಿಗೆಯವರು. ಬೇರೆ ಊರಿನ ರಸ್ತೆಯಲ್ಲಿ, ರಾತ್ರಿ ಹೊತ್ತು, ಬಿದ್ದ ಮರವನ್ನು ಕಡಿಯುವಾಗ ಅಂಥವನೊಬ್ಬನಿಗೆ ಗಾಯವಾದರೆ ಆಸ್ಪತ್ರೆಯ ವೆಚ್ಚ ಮತ್ತು ಪರಿಹಾರ ಕಳುಹಿಸಿದ ಸಂಸ್ಥೆಯದೋ, ಕರೆಸಿಕೊಂಡ ಸಂಸ್ಥೆಯದೋ, ಗುತ್ತಿಗೆದಾರನದೋ? ಗಾಯವಾದ ಮೇಲೆ ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ಮೂವರೂ ಮತ್ತಿಬ್ಬರ ಕಡೆ ಬೊಟ್ಟು ಮಾಡುತ್ತಾರೆ.

ಕಾನೂನು ಇಲ್ಲವೆಂದಲ್ಲ. ವಿಪತ್ತು ನಿರ್ವಹಣಾ ಅಧಿನಿಯಮ, 2005 ಜಿಲ್ಲಾ ಪ್ರಾಧಿಕಾರಕ್ಕೆ ಸಾಕಷ್ಟು ಬಲ ಕೊಟ್ಟಿದೆ. ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರು. ಜಿಲ್ಲೆಯೊಳಗಿನ ಯಾವುದೇ ಇಲಾಖೆ ಅಥವಾ ಸ್ಥಳೀಯ ಸಂಸ್ಥೆಯ ಸಂಪನ್ಮೂಲವನ್ನು ಅವರು ಬಳಸಿಕೊಳ್ಳಬಹುದು, 65ನೇ ಕಲಮಿನಡಿ ಖಾಸಗಿ ವಾಹನಗಳನ್ನೂ ವಶಕ್ಕೆ ಪಡೆಯಬಹುದು. ಆದರೆ ಆದೇಶ ಮಾಡುವ ಅಧಿಕಾರವೇ ಬೇರೆ, ನೆರವಿನ ಷರತ್ತುಗಳನ್ನು ಮೊದಲೇ ಗೊತ್ತುಮಾಡಿಕೊಂಡಿರುವುದೇ ಬೇರೆ. ಅಲ್ಲದೆ ಜಿಲ್ಲೆಯ ಗಡಿಯನ್ನು ನೋಡಿಕೊಂಡು ಗುಡ್ಡ ಕುಸಿಯುವುದಿಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿ ಮತ್ತು ಸಂಪಾಜೆಗಳ ನಡುವೆ ರಾಷ್ಟ್ರೀಯ ಹೆದ್ದಾರಿ 275 ಹಲವು ಕಡೆ ಕುಸಿದಾಗ ಜೋಡುಪಾಲ ಕೊಡಗು ಜಿಲ್ಲೆಗೆ ಸೇರಿದ್ದರೂ ಮಡಿಕೇರಿಯಿಂದ ಅಲ್ಲಿಗೆ ದಾರಿಯೇ ಇರಲಿಲ್ಲ. ಜನ ಕೆಳಗಿಳಿದು ಬಂದದ್ದು ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿನ ಕಡೆಗೆ. ಅರಂತೋಡು ಸುತ್ತಮುತ್ತ ಪರಿಹಾರ ಕೇಂದ್ರಗಳನ್ನು ತೆರೆದವರು ಅಲ್ಲಿನವರು. ಘಟ್ಟದ ಊರುಗಳಲ್ಲಿ ಕಾಗದದ ಮೇಲಿನ ಹೊಣೆ ಒಂದು ಜಿಲ್ಲೆಯದು, ತಲುಪಬಲ್ಲ ಕೈ ಇನ್ನೊಂದು ಜಿಲ್ಲೆಯದು ಎಂಬ ಪರಿಸ್ಥಿತಿ ಮಳೆಗಾಲದಲ್ಲಿ ಯಾವಾಗ ಬೇಕಾದರೂ ಬರಬಹುದು. ಸಂಪಾಜೆಯಂತೆಯೇ ಚಾರ್ಮಾಡಿ, ಶಿರಾಡಿ, ಆಗುಂಬೆ ಘಾಟಿಗಳ ಎರಡು ತುದಿಗಳೂ ಎರಡು ಬೇರೆ ಜಿಲ್ಲೆಗಳಲ್ಲಿವೆ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಈ ವಿಷಯವನ್ನು ಬಗೆಹರಿಸಿಕೊಂಡ ರೀತಿ ನನಗೆ ಹಿಡಿಸಿತು. ಅಲ್ಲಿನ ನಗರಗಳು, ಕೌಂಟಿಗಳು, ಟೌನ್‌ಶಿಪ್‌ಗಳ ಲೋಕೋಪಯೋಗಿ ವಿಭಾಗಗಳು ಸೇರಿಕೊಂಡು ‘ಇಲಿನಾಯ್ ಪಬ್ಲಿಕ್ ವರ್ಕ್ಸ್ ಮ್ಯೂಚುವಲ್ ಏಡ್ ನೆಟ್‌ವರ್ಕ್’ ಎಂಬ ಜಾಲವನ್ನು ಕಟ್ಟಿಕೊಂಡಿವೆ. ಸದಸ್ಯನಾಗುವ ಪ್ರತಿಯೊಂದು ಸಂಸ್ಥೆಯ ಆಡಳಿತ ಮಂಡಳಿಯೂ ಒಂದೇ ಒಪ್ಪಂದವನ್ನು ಅಂಗೀಕರಿಸಿರುತ್ತದೆ. ನೆರವು ಸ್ವಯಂಪ್ರೇರಿತ, ತನ್ನ ಊರಿನಲ್ಲೇ ತೊಂದರೆಯಿದ್ದರೆ ಸದಸ್ಯ ಸಂಸ್ಥೆ ಇಲ್ಲವೆನ್ನಬಹುದು. ಮೊದಲ 5 ದಿನಗಳ ನೆರವಿಗೆ ಹಣ ಕೇಳುವಂತಿಲ್ಲ. ಹೋದ ಕೆಲಸಗಾರ ತನ್ನ ಮೂಲ ಸಂಸ್ಥೆಯ ನೌಕರನಾಗಿಯೇ ಉಳಿಯುತ್ತಾನೆ, ಅವನ ವಿಮೆಯ ಹೊಣೆಯೂ ಆ ಸಂಸ್ಥೆಯದೇ. 2013ರ ನವೆಂಬರ್ 17ರಂದು ಆ ರಾಜ್ಯದ ವಾಷಿಂಗ್ಟನ್ ಎಂಬ ಪುಟ್ಟ ಊರಿಗೆ ಸುಂಟರಗಾಳಿ ಬಡಿದು ಸಾವಿರಕ್ಕೂ ಹೆಚ್ಚು ಮನೆಗಳು ಹಾಳಾದಾಗ, ಬೇರೆ ಬೇರೆ ಊರುಗಳ ಟಿಪ್ಪರುಗಳು ಮತ್ತು ಲೋಡರ್ ಯಂತ್ರಗಳು ಬಂದು ಅವಶೇಷ ತೆರವು ಮಾಡಿದ್ದು ಈ ಜಾಲದ ಮೂಲಕವೇ. ಮೊದಲ ದಿನಗಳನ್ನು ಉಚಿತವಾಗಿಟ್ಟದ್ದು ಜಾಣತನ: ತುರ್ತು ಕೆಲಸದ ಬಹುಭಾಗ ಆ ದಿನಗಳಲ್ಲೇ ಮುಗಿಯುವುದರಿಂದ ಬಿಲ್ಲಿನ ಜಗಳಕ್ಕೆ ಆಸ್ಪದವೇ ಇರುವುದಿಲ್ಲ. ಅಲ್ಲಿನ ಕೇಂದ್ರ ಸರ್ಕಾರದ ವಿಪತ್ತು ಸಂಸ್ಥೆಯಾದ ಫೀಮಾ, ಘೋಷಿತ ವಿಪತ್ತುಗಳಲ್ಲಿ ಅರ್ಹ ವೆಚ್ಚದ ಕನಿಷ್ಠ ಶೇ. 75ರಷ್ಟನ್ನು ಮರುಪಾವತಿಸುತ್ತದೆ, ಪರಸ್ಪರ ನೆರವಿನ ವೆಚ್ಚವನ್ನು ಕೇಳಬೇಕಾದರೆ ಒಪ್ಪಂದದ ಬಲ ಬೇಕು. ಊರುಗಳು ಒಪ್ಪಂದ ಮಾಡಿಕೊಳ್ಳುವುದಕ್ಕೆ ಸೌಹಾರ್ದಕ್ಕಿಂತ ಈ ನಿಯಮವೇ ದೊಡ್ಡ ಪ್ರೇರಣೆಯಾಗಿರಬೇಕು ಎಂಬುದು ನನ್ನ ಗುಮಾನಿ.

ಒಪ್ಪಂದವಿದ್ದರೂ ಬಂದ ಸಾಮಗ್ರಿ ಕೆಲಸಕ್ಕೆ ಬಾರದೆ ಹೋಗಬಹುದು. 1904ರ ಫೆಬ್ರವರಿಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರ ಹೊತ್ತಿ ಉರಿದಾಗ ರಾಜಧಾನಿ ವಾಷಿಂಗ್ಟನ್, ಫಿಲಡೆಲ್ಫಿಯಾ ಮುಂತಾದ ನಗರಗಳ ಅಗ್ನಿಶಾಮಕ ವಾಹನಗಳು ಧಾವಿಸಿ ಬಂದವು. ಆದರೆ ಅನೇಕ ಪಡೆಗಳ ಪೈಪಿನ ಜೋಡಣೆಗಳು ಬಾಲ್ಟಿಮೋರಿನ ನಲ್ಲಿಗಳಿಗೆ ಕೂಡಲಿಲ್ಲ. 1,500ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು. ನಮ್ಮಲ್ಲಿಯೂ ನೀರೆತ್ತುವ ಪಂಪು ಬಂದು, ಅದರ ಬಾಯಿಗೆ ಸರಿಹೊಂದುವ ಹೋಸ್ ಸಿಗದೆ, ಸೈಕಲ್ ಟ್ಯೂಬನ್ನು ಸೀಳಿ ಸುತ್ತಿ ತಂತಿ ಬಿಗಿದು ಕೆಲಸ ನಡೆಸುವುದು ಹೊಸದಲ್ಲ. ಅದಕ್ಕಿಂತ ದೊಡ್ಡ ಕೊರತೆ ದಾರಿ ತೋರಿಸುವವರದು. ಮೊಣಕಾಲುದ್ದ ಕೆಂಪು ನೀರು ನಿಂತಿರುವ ರಸ್ತೆಯಲ್ಲಿ ಮ್ಯಾನ್‌ಹೋಲ್ ಎಲ್ಲಿದೆ, ಯಾವ ಮೋರಿ ರಾಜಕಾಲುವೆಗೆ ಸೇರುತ್ತದೆ, ಯಾವುದು ಕಟ್ಟಡದ ಕೆಳಗೆ ಹೂತುಹೋಗಿದೆ ಎಂಬುದು ಹೊರಗಿನಿಂದ ಬಂದ ತಂಡಕ್ಕೆ ತಿಳಿಯುವುದಿಲ್ಲ. ನಕ್ಷೆಯಲ್ಲೂ ಅದು ಇರುವುದಿಲ್ಲ. ಅದನ್ನು ಬಲ್ಲವನು ಆ ವಾರ್ಡಿನ ವಾಲ್ವ್‌ಮನ್. ಉದ್ದನೆಯ ಕಬ್ಬಿಣದ ಕೀಲಿಯನ್ನು ನೀರೊಳಗೆ ಇಳಿಬಿಟ್ಟು, ಒಂದೆರಡು ಕಡೆ ಕುಟ್ಟಿ, ಸದ್ದಿನ ಮೇಲೆಯೇ ಮುಚ್ಚಳವನ್ನು ಗುರುತಿಸುವ ಹಿರಿಯರನ್ನು ನಾನು ನೋಡಿದ್ದೇನೆ. ಬಂದ ಪ್ರತಿಯೊಂದು ತಂಡಕ್ಕೂ ಅಂಥ ಒಬ್ಬರನ್ನು ಜೊತೆಗೆ ಕೊಡುವ ಷರತ್ತು ಒಪ್ಪಂದದಲ್ಲೇ ಇರಬೇಕು. ಇಲ್ಲದಿದ್ದರೆ ಲಕ್ಷಾಂತರ ರೂಪಾಯಿಯ ಯಂತ್ರ ರಸ್ತೆಯ ಬದಿಯಲ್ಲಿ ಸುಮ್ಮನೆ ನಿಂತಿರುತ್ತದೆ.

ಯಾರೊಡನೆ ಒಪ್ಪಂದ ಎಂಬುದನ್ನೂ ಯೋಚಿಸಬೇಕು. ನೆರೆಯೂರು ಬೇಗ ತಲುಪುತ್ತದೆ ನಿಜ, ಆದರೆ ಅದೇ ಮಳೆಗೆ ಅದೂ ಮುಳುಗಿರುತ್ತದೆ. 2019ರ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆಯಿಂದ ಚಿಕ್ಕಮಗಳೂರು, ಕೊಡಗಿನವರೆಗೆ ಒಟ್ಟಿಗೆ ಪ್ರವಾಹ ಬಂದಾಗ ಎರವಲು ಕೊಡುವ ಸ್ಥಿತಿಯಲ್ಲಿ ಯಾರಿದ್ದರು? ಮಳೆಯ ಕಾಲವೇ ಬೇರೆಯಾಗಿರುವ ಊರೊಂದು ಜೊತೆಗಿರಬೇಕು. ತಮಿಳುನಾಡಿನ 2023ರ ಡಿಸೆಂಬರ್ ಇದಕ್ಕೆ ಒಳ್ಳೆಯ ನಿದರ್ಶನ. ತಿಂಗಳ ಮೊದಲ ವಾರ ಮಿಚಾಂಗ್ ಚಂಡಮಾರುತದ ಮಳೆಗೆ ಚೆನ್ನೈ ಮುಳುಗಿದಾಗ ಬೇರೆ ಜಿಲ್ಲೆಗಳ ಸ್ಥಳೀಯ ಸಂಸ್ಥೆಗಳ ಪೌರಕಾರ್ಮಿಕರನ್ನು ಅಲ್ಲಿಗೆ ಕರೆಸಿದರು. ಎರಡು ವಾರ ಕಳೆಯುವಷ್ಟರಲ್ಲಿ ತೂತ್ತುಕುಡಿ, ತಿರುನೆಲ್ವೇಲಿ ಕಡೆ ಮಳೆ ಸುರಿದು, ಕಾಯಲ್‌ಪಟ್ಟಿನಂ ಎಂಬ ಊರಿನಲ್ಲಿ ಒಂದೇ ದಿನ ಸುಮಾರು 95 ಸೆಂಟಿಮೀಟರ್ ದಾಖಲಾಯಿತು. ಆಗ ಚೆನ್ನೈ ಪಾಲಿಕೆಯ ಕಾರ್ಮಿಕರು ಮತ್ತು ಪಂಪುಗಳು ದಕ್ಷಿಣಕ್ಕೆ ಹೊರಟವು. ನಮ್ಮಲ್ಲಿ ಕರಾವಳಿಯ ಒಂದು ಪುರಸಭೆಗೆ ಪಕ್ಕದ ತಾಲ್ಲೂಕಿನ ಸಂಸ್ಥೆಯ ಜೊತೆಗೆ ತುಮಕೂರು, ಚಿತ್ರದುರ್ಗದ ಕಡೆಯ ಇನ್ನೊಂದು ಸಂಸ್ಥೆಯೂ ಜೋಡಿಯಾಗಿದ್ದರೆ ಜುಲೈ ತಿಂಗಳ ಲೆಕ್ಕಾಚಾರವೇ ಬದಲಾಗುತ್ತದೆ.

ಈ ಯೋಚನೆಗಳನ್ನೆಲ್ಲ ಸೇರಿಸಿ ಒಂದು ಕರಡು ಒಪ್ಪಂದವನ್ನು ಬರೆದು, ಅಕ್ಕಪಕ್ಕದ ಎರಡು ಪುರಸಭೆಗಳಲ್ಲಿರುವ ಕಿರಿಯ ಸಹೋದ್ಯೋಗಿಗಳಿಗೆ ಕೊಟ್ಟಿದ್ದೇನೆ. ಯಂತ್ರಗಳ ಪಟ್ಟಿ ಮತ್ತು ಹೋಸ್ ಜೋಡಣೆಗಳ ಅಳತೆ, ಇಪ್ಪತ್ತನಾಲ್ಕು ಗಂಟೆಯೂ ಕರೆ ಸ್ವೀಕರಿಸುವ ಒಬ್ಬ ಅಧಿಕಾರಿಯ ಹುದ್ದೆ, ಡೀಸೆಲ್ ಮತ್ತು ಊಟ ಕರೆಸಿಕೊಂಡವರದು, ಸಂಬಳ ಮತ್ತು ವಿಮೆ ಕಳುಹಿಸಿದವರದು, ಮೊದಲ ಐದು ದಿನ ಯಂತ್ರಕ್ಕೆ ಬಾಡಿಗೆಯಿಲ್ಲ, ಲಾಗ್ ಪುಸ್ತಕಕ್ಕೆ ಕರೆಸಿಕೊಂಡ ಊರಿನ ಎಂಜಿನಿಯರ್ ಮಾಡಿದ ಸಹಿಯನ್ನು ಎರಡೂ ಸಂಸ್ಥೆಗಳ ಲೆಕ್ಕಪತ್ರ ಶಾಖೆಗಳು ಒಪ್ಪತಕ್ಕದ್ದು, ಇಷ್ಟೇ ಅದರ ತಿರುಳು. ಮಳೆಗಾಲಕ್ಕೆ ಮುಂಚೆ ಕೌನ್ಸಿಲ್ ಸಭೆಯ ನಡವಳಿಯಲ್ಲಿ ಅದು ಅಂಗೀಕಾರವಾಗಬೇಕು. ಒಂದು ಕಡೆ ವಿಷಯಪಟ್ಟಿಗೆ ಸೇರಿದೆ. ಇನ್ನೊಂದು ಕಡೆಯ ಲೆಕ್ಕಾಧಿಕಾರಿಗಳು, ಐದು ದಿನ ಮೀರಿದರೆ ಯಂತ್ರದ ಬಾಡಿಗೆಯನ್ನು ಯಾವ ದರಪಟ್ಟಿಯಂತೆ ಕೊಡುವುದು ಎಂದು ಕೇಳಿ ಕಡತವನ್ನು ಹಿಂದಿರುಗಿಸಿದ್ದಾರೆ. ಅವರ ಪ್ರಶ್ನೆ ಸರಿಯಾಗಿಯೇ ಇದೆ. ಲೋಕೋಪಯೋಗಿ ಇಲಾಖೆಯ ಚಾಲ್ತಿ ಎಸ್.ಆರ್. (ಅಧಿಕೃತ ದರಪಟ್ಟಿ) ದರವೆಂದು ಆ ಕಲಮಿಗೆ ಒಂದು ಸಾಲು ಸೇರಿಸಿ ಮತ್ತೆ ಕಳುಹಿಸಿದ್ದೇನೆ.